ಸಂಚಿಯೊಳಗಿನ ಕಾಲುಂಗುರ

ಸೊಸೆ ಓಡಲು ಹೋದ ಮೂರನೆಯ ದಿನ, ದೇವರ ಜಗಲಿ ಒರೆಸುತ್ತಿದ್ದ ಸುಮಿತ್ರಾಬಾಯಿಗೆ ವಿಭೂತಿಯ ತಟ್ಟೆಯ ಕೆಳಗೆ ಒಂದು ಸಣ್ಣ ಗಂಟು ಸಿಕ್ಕಿತು. ಹಳೆಯ ಕುಪ್ಪಸದ ತುಂಡಿನಲ್ಲಿ ಬಿಗಿಯಾಗಿ ಕಟ್ಟಿದ್ದ ಗಂಟು. ಬಿಚ್ಚಿದರೆ ಒಳಗೆ ಭಾಗ್ಯಜ್ಯೋತಿಯ ಬೆಳ್ಳಿಯ ಕಾಲುಂಗುರಗಳು. ಎರಡೂ ಕಾಲಿನವು.

ಒದ್ದೆ ಅರಿವೆ ಕೈಯಲ್ಲಿ ಹಿಡಿದುಕೊಂಡೇ ಅವಳು ನೆಲಕ್ಕೆ ಕುಳಿತಳು.

ಗಂಡನಿರುವ ಹೆಂಗಸು ಕಾಲುಂಗುರ ತೆಗೆಯುವುದಿಲ್ಲ. ಸವೆದು ಮುರಿದರೂ ಹೊಸದು ಬರುವ ತನಕ ಬೆರಳಿಗೆ ಅರಿಷಿಣದ ದಾರ ಸುತ್ತಿಕೊಳ್ಳುತ್ತಾಳೆ. ಸುಮಿತ್ರಾಬಾಯಿಯ ಕಾಲಿನಿಂದ ಅವು ಇಳಿದದ್ದು ಗಂಡ ರಾಚಪ್ಪ ತೀರಿಕೊಂಡ ದಿನ. ಅಷ್ಟು ವರ್ಷ ಕೂತಿದ್ದ ಉಂಗುರಗಳು ಬರಲೊಲ್ಲವು ಎಂದು ಯಾರೋ ಸಬಕಾರದ ನೀರು ಹನಿಸಿ ತಿರುವಿ ತಿರುವಿ ತೆಗೆದಿದ್ದರು. ಆಮೇಲೆ ಎಷ್ಟೋ ದಿನ ಬೆರಳಿನ ಬುಡದಲ್ಲಿ ಬಿಸಿಲು ಕಾಣದ ಒಂದು ಬಿಳಿ ಗೆರೆ ಉಳಿದಿತ್ತು. ಅದನ್ನು ನೋಡಲಾರದೆ ಸೀರೆಯ ನೆರಿಗೆಯನ್ನು ಕೆಳಗೆ ಎಳೆದುಕೊಂಡು ಕೂರುತ್ತಿದ್ದಳು.

ಈಗ ಸೊಸೆಯ ಉಂಗುರಗಳು ಅಂಗೈಯಲ್ಲಿದ್ದವು. ಹಾಗೆ ತೆಗೆಯಲು ಇಲ್ಲಿ ಯಾರೂ ಸತ್ತಿರಲಿಲ್ಲ. ಮಗ ಅನಿಲ ಮನಗೂಳಿಯ ಪೇಟೆಯಲ್ಲಿ ತನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಗಟ್ಟಿಮುಟ್ಟಾಗಿ ಕುಳಿತಿದ್ದ.

ಭಾಗ್ಯಜ್ಯೋತಿ ಓಟದ ಮಾತು ತೆಗೆದದ್ದು ಶಿವರಾತ್ರಿಯಾದ ವಾರದಲ್ಲಿ, ಒಲೆಯ ಮುಂದೆ. ಸುಮಿತ್ರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು.

"ಅತ್ಯಾರ, ಪರೀಕ್ಷಾ ಮುಗಿಯೂದಕ್ಕ ನಾವೊಂದಿಷ್ಟು ಮಂದಿ ಇಂಡಿಯಿಂದ ಮುದ್ದೇಬಿಹಾಳ ತನಕ ಓಡಾವ್ರ ಅದೀವ್ರಿ. ಸಿಂದಗಿ, ಬಾಗೇವಾಡಿ ಮ್ಯಾಲೆ ಹಾಯ್ದು."

"ಓಡಾವ್ರಂದ್ರ? ಕಾಲಿಲೆ?"

"ಹೌದ್ರಿ, ಕಾಲಿಲೇನ. ಎಲ್ಲಾರೂ ಮಾಸ್ತರ ಮಂದಿ. ನನ್ನ ಜೋಡಿ ಇನ್ನೊಬ್ಬಾಕಿ ಟೀಚರೂ ಅದಾಳ."

"ಎದಕ್ಕ?"

"ಭೂಮಿ ಬಿಸಿ ಆಗಾಕತ್ತೈತ್ರಿ. ಮಳಿ ಹದಗೆಟ್ಟೈತಿ, ಥಂಡಿ ಕಡಿಮಿ ಆಗೈತಿ. ಊರೂರಾಗ ನಿಂತು ಮಂದಿಗೆ ತಿಳಿಸಿ ಹೇಳಬೇಕಂತ."

ರೊಟ್ಟಿ ಬಡಿಯುವ ಕೈ ಒಂದು ಗಳಿಗೆ ನಿಂತು ಮತ್ತೆ ಸಾಗಿತು. ಸುಮಿತ್ರಾಬಾಯಿಗೆ ಎಲ್ಲ ತಿಳಿದಂತಾಗಿತ್ತು. ಮದುವೆಯಾಗಿ ಆರು ವರ್ಷ. ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಈ ಸೀಮೆಯಲ್ಲಿ ಸುಮ್ಮಸುಮ್ಮನೆ ಯಾರೂ ಅಷ್ಟು ದೂರ ಕಾಲಿನ ಮೇಲೆ ಹೋಗುವುದಿಲ್ಲ. ಯುಗಾದಿ ಹತ್ತಿರ ಬಂತೆಂದರೆ ಶ್ರೀಶೈಲದ ಮಲ್ಲಯ್ಯನಿಗೆ ಹೆಗಲ ಮೇಲೆ ಹರಕೆಯ ಕಂಬಿ ಹೊತ್ತು ನಡೆಯುವ ಜನ ದಾರಿತುಂಬ ಕಾಣುತ್ತಾರೆ. ಊರಿನ ಹೆಂಗಸರು ಅವರಿಗೆ ಮಜ್ಜಿಗೆ ಕೊಡುತ್ತಾರೆ, ಪಾದ ತೊಳೆಯುತ್ತಾರೆ, ಬೊಬ್ಬೆ ಎದ್ದಲ್ಲಿ ಎಣ್ಣೆ ತಿಕ್ಕುತ್ತಾರೆ. ಯಾಕೆ ಹೊರಟಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೊತ್ತವರು ಬಾಯಿ ಬಿಟ್ಟರೆ ಹರಕೆಯ ಫಲ ಹೋಗುತ್ತದೆ. ತಿಳಿಯದ ಕೂಸು ಕೇಳಿದರೂ "ಸುಮ್ನ ಹೊಂಟೇವಿ" ಎಂದು ಮುಂದೆ ನಡೆಯುತ್ತಾರೆ.

ಭೂಮಿ ಬಿಸಿಯಾಗುವ ಮಾತನ್ನು ಅವಳು ಓದಿದ ಹುಡುಗಿಯ "ಸುಮ್ನ ಹೊಂಟೇವಿ" ಎಂದೇ ಹಿಡಿದಳು. ಮುಚ್ಚಿಡುವುದಕ್ಕೆ ಒಳ್ಳೆಯ ಮಾತನ್ನೇ ಹುಡುಕಿದ್ದಾಳೆ ಎನಿಸಿತು.

"ಹೋಗಿ ಬಾ" ಅಂದಳು.

ಭಾಗ್ಯಜ್ಯೋತಿ ಕೈಯಲ್ಲಿನ ಅರಿವೆ ಬಿಟ್ಟು ಅವಳನ್ನೇ ನೋಡಿದಳು. "ನೀವು ಬ್ಯಾಡ ಅಂತೀರಿ ಅನ್ಕೊಂಡಿದ್ನಿ."

"ಇಂಥಾದ್ದಕ್ಕ ಯಾರರ ಬ್ಯಾಡ ಅಂತಾರೇನು?"

ಓಣಿಗೆಲ್ಲ ಸುಮಿತ್ರಾಬಾಯಿಯೇ ದನಿ ತಗ್ಗಿಸಿ ಹೇಳಿದಳು: ನಮ್ಮ ಸೊಸಿ ಹರಕಿ ಹೊತ್ತಾಳ. ಹೊರಡುವ ದಿನ ಓಣಿಯ ನಾಲ್ಕು ಜನ ಬಂದು ಹುಡುಗಿಯ ಹಣೆಗೆ ವಿಭೂತಿ ಹಚ್ಚಿಹೋದರು. ಭಾಗ್ಯಜ್ಯೋತಿ ಏನೋ ಹೇಳಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ ಸುಮ್ಮನಾಗಿದ್ದಳು.

ಆದರೆ ಕಂಬಿಯ ಜೊತೆ ನಡೆಯುವ ಹೆಂಗಸರು ಕಾಲುಂಗುರ ತೆಗೆದಿಟ್ಟು ಹೋಗುವುದಿಲ್ಲ. ಹೋಗುವವಳು "ಹೋಗಿ ಬರ್ತೇನಿ" ಅಂದಿದ್ದಳೋ, ಬರೇ "ಹೋಗ್ತೇನಿ" ಅಂದಿದ್ದಳೋ? ಎಷ್ಟು ನೆನೆದರೂ ಸುಮಿತ್ರಾಬಾಯಿಗೆ ನೆನಪಾಗಲಿಲ್ಲ.

ಮಧ್ಯಾಹ್ನ ಅನಿಲ ಊಟಕ್ಕೆ ಬಂದಾಗ ಗಂಟನ್ನು ಅವನ ತಾಟಿನ ಪಕ್ಕಕ್ಕೆ ಇಟ್ಟಳು.

"ಇವು ಯಾಕ ಇಲ್ಲಿ ಅದಾವ?"

ಅನಿಲ ಬಗ್ಗಿ ನೋಡಿದ. "ಏನವು?"

"ನಿನ್ನ ಹೇಣ್ತಿ ಕಾಲುಂಗುರ. ಹೋಗೂ ಮುಂದ ಆಕಿ ಕಾಲಾಗ ಇದ್ವೋ ಇಲ್ಲೋ?"

"ನನಗೇನ ಗೊತ್ತು ಬೇ? ನಾ ಏನ ಆಕಿ ಕಾಲ ನೋಡ್ಕೋತ ಕುಂದರ್ತೇನೇನು? ಒಂದೀಟು ಸಾರು ಹಾಕು."

ಸುಮಿತ್ರಾಬಾಯಿ ಸಾರು ಹಾಕಿದಳು. ಆರು ವರ್ಷದಲ್ಲಿ ಹೆಂಡತಿಯ ಕಾಲು ನೋಡದವನು ಮುಖವನ್ನಾದರೂ ನೋಡಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಅವಳಿಗೆ ಮೊದಲ ಸಲ ಬಂದದ್ದು ಆಗ. ಮಗನಲ್ಲಿ ಕೆಟ್ಟತನ ಏನೂ ಇರಲಿಲ್ಲ. ಅಂಗಡಿ, ಊಟ, ಟೀವಿಯ ಕ್ರಿಕೆಟ್ಟು. ಅವನಪ್ಪನೂ ಹೀಗೇ ಇದ್ದ. ಆದರೆ ರಾಚಪ್ಪನಿಗೆ ಅವಳು ಮಕ್ಕಳನ್ನು ಹೆತ್ತಿದ್ದಳು, ಮಾತಿಗೆ ಮನೆತುಂಬ ಜನರಿದ್ದರು. ಈಗ ಈ ಮನೆಯಲ್ಲಿ ಮಾತೆಂದರೆ ಅತ್ತೆ ಸೊಸೆಯರದು. ಸಾಲಿಯಿಂದ ಬಂದ ಭಾಗ್ಯಜ್ಯೋತಿ ಚಹಾ ಹಿಡಿದು ಕಟ್ಟೆಯ ಮೇಲೆ ಕೂತು, ತಗಡಿನ ಮಾಡಿನ ಕೆಳಗೆ ಹುಡುಗರು ಬೆವರಿ ಪಾಟಿಯ ಮೇಲಿನ ಅಕ್ಷರವೇ ಅಳಿಸಿಹೋದದ್ದನ್ನು ಹೇಳುವಳು. ಸುಮಿತ್ರಾಬಾಯಿ ಕೌದಿ ಹೊಲಿಯುತ್ತ ಕೇಳುವಳು. ಅವಳು ಬರದಿದ್ದರೆ ಆ ಕಟ್ಟೆಯ ಮೇಲೆ ಒಬ್ಬಳೇ ಕೂರಬೇಕು.

ಬರದಿದ್ದರೆ ಎಂಬ ಮಾತು ಮನಸ್ಸಿಗೆ ಬಂದದ್ದೇ ಅವಳು ಎದ್ದು ಸೊಸೆಯ ಕೋಣೆಗೆ ಹೋದಳು. ಸೀರೆಗಳಿದ್ದವು. ಸಾಲಿಯ ಪುಸ್ತಕಗಳಿದ್ದವು. ಮಂಚದ ಕಾಲುದೆಸೆಯಲ್ಲಿ ಸದಾ ಮಡಚಿಟ್ಟಿರುತ್ತಿದ್ದ ಕೌದಿ ಇರಲಿಲ್ಲ. ಮದುವೆಗೆಂದು ಸುಮಿತ್ರಾಬಾಯಿ ತನ್ನ ಹಳೆಯ ಇಳಕಲ್ಲ ಸೀರೆಗಳನ್ನು ಕೂಡಿಸಿ ಹೊಲಿದುಕೊಟ್ಟ ಕೌದಿ. ಬಿಸಿಲಿಗೆ ಗುಬ್ಬಿಗಳೂ ಬಾಯಿ ತೆರೆದು ಕೂರುವ ಈ ದಿನಗಳಲ್ಲಿ ಓಡಲು ಹೋಗುವವರು ಕೌದಿ ಯಾಕೆ ಒಯ್ಯುತ್ತಾರೆ?

ಆ ಸಂಜೆಗೇ ಸುಲ್ತಾನಬಿ ಬಳೆಯ ಬುಟ್ಟಿ ಹೊತ್ತು ಓಣಿಗೆ ಬಂದಳು. ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ನೀರು ಕೇಳಿದಳು.

"ಸೊಸಿ ಎಲ್ಲಿಗೆ ಮುಟ್ಯಾಳ್ರೀ ಬಾಯಾರ?"

"ಸಿಂದಗಿ ದಾಟಿರಬೇಕು."

"ಅಲ್ಲಾ ಆಕಿ ಮನಸಿನ್ಯಾಗಿಂದು ಈಡೇರಸ್ಲಿ. ಬಳಿ ನನ್ನ ಕಡೇನ ತಗಸ್ಕೊಂಡ್ಲ್ರಿ. ಕೈಗೊಂದೊಂದು ಬಿಟ್ಟು ಎಲ್ಲಾ ತಗಿ ಅಂದ್ಲು. ಒಡಿಯದಂಗ ತಗಿ ಅಂತ ಬ್ಯಾರೆ. ಹರಕಿಯಾಗ ಹಂಗೊಂದು ಪದ್ಧತಿ ಐತೇನ್ರಿ?"

"ಐತಿ" ಅಂದಳು ಸುಮಿತ್ರಾಬಾಯಿ. ಸುಲ್ತಾನಬಿ ನಂಬಿದಳೋ ಇಲ್ಲವೋ ಎಂದು ಅವಳ ಕಣ್ಣನ್ನೇ ನೋಡಿದಳು. ಸುಲ್ತಾನಬಿಯ ಕಣ್ಣು ನೀರಿನ ತಂಬಿಗೆಯ ಮೇಲಿತ್ತು. ಬಹಳ ಹೊತ್ತು ಅಲ್ಲಿಯೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ದೇವಣಗಾಂವದಿಂದ ತಂಗಿ ವಿಜಯಲಕ್ಷ್ಮಿ.

"ಅಕ್ಕಾ, ನಿನ್ನ ಸೊಸಿನ್ನ ನೋಡಿದ್ನಿ ಬೇ! ನಿನ್ನೆ ಸಿಂದಗಿ ಸಂತಿಗೆ ಹೋಗಿದ್ವಿ. ಪ್ಯಾಂಟ ಹಾಕ್ಕೊಂಡಾಳ, ಕಾಲಾಗ ಬೂಟ. ಬಸ್ ಸ್ಟ್ಯಾಂಡ ಮುಂದ ಮಂದಿ ಕೂಡಿಸಿ ಭಾಷಣಾ ಮಾಡಾಕತ್ತಿದ್ಲು."

"ಹರಕಿ ಐತಿ ಆಕೀದು."

"ಎಲ್ಲೀ ಹರಕಿ? ಒಬ್ಬಾಕಿ ಮುದುಕಿ ಪಾದಾ ಮುಟ್ಟಾಕ ಹೋದ್ರ ಹಿಂದಕ್ಕ ಸರದು, ಹರಕಿ-ಗಿರಕಿ ಏನಿಲ್ಲ, ಏಳ್ರಿ ಅಂದ್ಲು. ನನ್ನ ಕಿವಿಲೆ ಕೇಳೇನಿ. ಮತ್ತ, ಒಬ್ಬಂವ ಗಂಡಸು ಸೈಕಲ್ ಮ್ಯಾಲೆ ನೀರ ಹಿಡ್ಕೊಂಡು ಆಕಿ ಹಿಂದ ಹಿಂದನ ಇರ್ತಾನ. ಆಕಿ ನಿಂತ್ರ ಅಂವಾ ನಿಂದರ್ತಾನ. ನಾ ಏನೂ ಅನ್ನಾಂಗಿಲ್ಲ, ನೋಡಿದ್ದು ಹೇಳೇನಿ."

ಸುಮಿತ್ರಾಬಾಯಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಆ ಹುಡಿಗಿ ಮನಿಯವ್ರು ಮತ್ತ ಕೇಳಾಕತ್ತಾರ ಅಕ್ಕಾ. ಎಳ್ಳ ಅಮಾಸಿಗೆ ನೀ 'ತಡಿ, ನೋಡೂಣು' ಅಂದಿದ್ದಿ. ಎಷ್ಟಂತ ತಡೀಬೇಕು ಅವರು? ಎರಡನೇ ಸಂಬಂಧಕ್ಕ ಹೂಂ ಅನ್ನಾವ್ರು ಸಿಗೂದಿಲ್ಲ. ಏನಂತ ಹೇಳ್ಲಿ?"

"ನಾಳಿಗೆ ಹೇಳ್ತೇನಿ" ಎಂದು ಫೋನು ಇಟ್ಟಳು. ಇಟ್ಟ ಕೈ ಅದರ ಮೇಲೆಯೇ ಉಳಿಯಿತು.

ಎಳ್ಳ ಅಮವಾಸ್ಯೆಯ ಆ ಮಾತು ಇದೇ ಫೋನಿನಲ್ಲಿ ಆಗಿತ್ತು. ಅನಿಲನಿಗೆ ಇನ್ನೊಬ್ಬ ಹುಡುಗಿಯನ್ನು ನೋಡುವ ಮಾತು ಎತ್ತಿದವಳು ತಂಗಿ. ಸುಮಿತ್ರಾಬಾಯಿ ಹೂಂ ಅನ್ನಲಿಲ್ಲ. ಒಲ್ಲೆ ಎಂದೂ ಅನ್ನಲಿಲ್ಲ. ತಡಿ ಅಂದಳು. ಭಾಗ್ಯಜ್ಯೋತಿ ಒಳಗೆ ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಆ "ತಡಿ" ಬಾಯಿಂದ ಹೊರಬಿದ್ದ ಮೇಲೆ ಒಳಗಿನ ಸಪ್ಪಳ ನಿಂತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಸುರುವಾಗಿತ್ತು. ಚಟ್ನಿಗೆ ಉಪ್ಪು ಹಾಕಲು ನಿಲ್ಲಿಸಿರಬೇಕೆಂದು ಆಗ ಅಂದುಕೊಂಡಿದ್ದಳು. ಅಂದುಕೊಳ್ಳುವುದು ಸುಲಭವಿತ್ತು.

ಬೆಳಗಾಗುತ್ತಲೇ ಕಾಲುಂಗುರಗಳನ್ನು ಎಲೆಯಡಿಕೆಯ ಸಂಚಿಯಲ್ಲಿ ಹಾಕಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಗೇವಾಡಿಗೆ ಹೋಗಿಬರುತ್ತೇನೆ ಎಂದು ಮಗನಿಗೆ ಹೇಳಿದಳು. ಓಡುವವರು ಅಂದು ಬಾಗೇವಾಡಿಯಲ್ಲಿ ಇಳಿದುಕೊಳ್ಳುತ್ತಾರೆಂದು ಭಾಗ್ಯಜ್ಯೋತಿಯೇ ಹೇಳಿಹೋಗಿದ್ದಳು. ಹೇಳಿದ್ದು ಖರೆಯೋ ಸುಳ್ಳೋ ಅಲ್ಲಿಗೆ ಹೋದರೆ ತಿಳಿಯುತ್ತದೆ.

ಬಸ್ಸಿನ ಕಿಟಕಿಯ ಹೊರಗೆ ಜೋಳ ಕಿತ್ತ ಹೊಲಗಳು ಬಿಸಿಲಿಗೆ ಬಿದ್ದಿದ್ದವು. ಕಪ್ಪು ಎರೆಮಣ್ಣು ಬಿರಿದಿತ್ತು. ಈ ಸಲ ಚಳಿ ಬೀಳಲಿಲ್ಲ, ಇಬ್ಬನಿ ಬೀಳಲಿಲ್ಲ, ಬಿಳಿಜೋಳದ ತೆನೆ ಅರ್ಧವೇ ತುಂಬಿತ್ತು. ಅದನ್ನೆಲ್ಲ ಕಂಡರೂ ಅವಳ ಮನಸ್ಸು ಸೈಕಲ್ಲಿನ ಗಂಡಸಿನ ಮೇಲೆಯೇ ಇತ್ತು. ಮೊದಲು ಅವನಿಗೆ ಕಪ್ಪು ಮೀಸೆ ಬಂತು. ಆಮೇಲೆ ಅಗಲ ಭುಜ. ಬಸ್ಸು ಬಾಗೇವಾಡಿ ತಲುಪುವ ಹೊತ್ತಿಗೆ ಅವನು ಭಾಗ್ಯಜ್ಯೋತಿಗೆ ನೀರು ಕೊಟ್ಟು ನಗುತ್ತಲೂ ಇದ್ದ.

ಬಸ್ ಸ್ಟ್ಯಾಂಡಿನಲ್ಲಿ ಕೇಳಿದಾಗ "ಓಡೂ ಮಂದಿನಾ?" ಎಂದು ಯಾರೋ ಒಂದು ಸಾಲಿಯ ದಾರಿ ತೋರಿಸಿದರು. ಸಾಲಿಯ ಬಾಗಿಲಲ್ಲಿ ಬೇವಿನ ಗಿಡದ ನೆರಳಿಗೆ ಒಂದು ಸೈಕಲ್ಲು ನಿಂತಿತ್ತು. ಅದರ ಎರಡೂ ಬದಿಗೆ ನೀರಿನ ಕ್ಯಾನು. ಸೈಕಲ್ಲಿನ ಹತ್ತಿರ ಟೊಪ್ಪಿಗೆ ಹಾಕಿದ ಮುದುಕನೊಬ್ಬ ಉದ್ದಕ್ಕೆ ಕಾಲು ಚಾಚಿ ಕೂತು, ಹಲ್ಲಿಲ್ಲದ ಬಾಯಲ್ಲಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ.

"ಈ ಸೈಕಲ್ಲ ಯಾರದು?"

"ನಂದ ರೀ ಬಾಯಿ. ಚಾಂದಸಾಬ ಅಂತಾರ. ಇಂಡಿ ಸಾಲ್ಯಾಗ ಸಿಪಾಯಿ ಇದ್ನಿ, ಈಗ ರಿಟೈರಾಗೇನಿ. ಮಾಸ್ತರ ಮಂದಿಗೆ ನೀರ ಕುಡಸ್ಕೋತ ಬಂದೇನಿ. ಓಡೂವ್ರು ಅವರು, ಮೊಣಕಾಲ ಹಿಡಕೊಂಡಿದ್ದು ನಂದು!"

ಸುಮಿತ್ರಾಬಾಯಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಮೀಸೆ ಇರಲಿಲ್ಲ. ನಾಚಿಕೆಯಾಗಿ ಸೆರಗು ಸರಿ ಮಾಡಿಕೊಂಡಳು. ಆದರೂ ಸಂಶಯದ ಒಂದು ಎಳೆ ಕಳಚಿದರೆ ಉಳಿದದ್ದು ಇನ್ನೂ ಬಿಗಿಯಾಗುತ್ತದೆ. ಗಂಡಸಿನ ಸಲುವಾಗಿ ಅಲ್ಲವಾದರೆ, ಸೊಸೆ ಮನೆ ಬಿಟ್ಟದ್ದು ತನ್ನ ಸಲುವಾಗಿಯೇ.

ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಕೊಡ, ತಂಬಿಗೆ, ಎಣ್ಣೆಯ ಬಟ್ಟಲು, ಉಡಿ ತುಂಬಲು ಅಕ್ಕಿ-ಕೊಬ್ಬರಿ. ನಡುವೆ ಗೋಡೆಗೆ ಬೆನ್ನು ಆನಿಸಿ ಭಾಗ್ಯಜ್ಯೋತಿ ಕೂತಿದ್ದಳು. ನೀಲಿ ಪ್ಯಾಂಟು, ಮೇಲೆ ಸಡಿಲ ಅಂಗಿ, ಬಿಸಿಲಿಗೆ ಕರ್ರಗಾದ ಮುಖ. ಅವಳ ಮುಂದೆ ಆ ಕೌದಿ ಹಾಸಿತ್ತು. ಸುಮಿತ್ರಾಬಾಯಿ ಕಂಬದ ಮರೆಗೆ ನಿಂತಳು.

"ಭೂಮಿ ಬಿಸಿ ಆದ್ರ, ನೀ ಓಡಿದ್ರ ತಣ್ಣಗ ಆಗ್ತೈತೇನವ್ವಾ?" ಒಬ್ಬ ದಪ್ಪ ಹೆಂಗಸು ಕೇಳಿದಳು. ಎಲ್ಲರೂ ನಕ್ಕರು. ಲಕ್ಕವ್ವ ಎಂದು ಯಾರೋ ಅವಳನ್ನು ಕರೆದರು.

ಭಾಗ್ಯಜ್ಯೋತಿಯೂ ನಕ್ಕಳು. "ಇಲ್ಲಬೇ. ಆದ್ರ ನಾ ಬಸ್ಸಿನ್ಯಾಗ ಬಂದು ಹೇಳಿದ್ರ ನೀವು ಕೊಡಾ ಇಳಿಸಿ ಇಲ್ಲಿಗೆ ಬರ್ತಿದ್ರೇನು?" ಪ್ಯಾಂಟಿನ ಕಿಸೆಯಿಂದ ಮಡಚಿದ ಕರಪತ್ರಗಳನ್ನು ತೆಗೆದು ಲಕ್ಕವ್ವನ ಕೈಗೆ ಕೊಟ್ಟಳು. "ಓದಾಕ ಬರೂವ್ರಿಗೆ ಕೊಡ್ರಿ. ನೀವು ಇದನ್ನ ನೋಡ್ರಿ." ಕೌದಿಯ ಮೇಲೆ ಕೈ ಇಟ್ಟಳು. "ನೀವು ಮದುವಿ ಆಗಿ ಬಂದ ಹೊಸದಾಗಿ, ಶೀಗಿ ಹುಣ್ಣಿವಿಯಿಂದ ಎಳ್ಳ ಅಮಾಸಿ ತನಕ ಎಷ್ಟು ಕೌದಿ ಹೊಚಗೋತಿದ್ರಿ?"

"ಎರಡು" ಅಂದಳು ಒಬ್ಬಳು. "ಎರಡೂ ಸಾಲದ, ಮ್ಯಾಲೊಂದು ಕಂಬಳಿ" ಅಂದಳು ಇನ್ನೊಬ್ಬಳು. "ಕೂಸಿನ್ನ ನಡುವ ಹಾಕ್ಕೊಂಡು" ಎಂದು ಹಿಂದಿನಿಂದ ಮುದುಕಿಯೊಬ್ಬಳು ದನಿಗೂಡಿಸಿದಳು.

"ಈಗ?"

ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಕೌದಿ ಮಡಚಿಟ್ಟ ಅಟ್ಟವನ್ನು ಮನಸ್ಸಿನಲ್ಲೇ ನೋಡಿಬರುತ್ತಿದ್ದಂತೆ ಇತ್ತು.

"ನಮ್ಮ ಅತ್ತಿ ಕೌದಿ ಹೊಲೀತಾರ. ಮೊದಲೆಲ್ಲಾ ಮಂದಿ ಮದುವಿಗೆ ಎರಡೆರಡು ಹೊಲಿಯಾಕ ಹೇಳ್ತಿದ್ರಂತ. ಈಗ ಒಂದು ಸಾಕು ಅಂತಾರ, ಎರಡನೇದು ಹೊಚಗೊಳ್ಳೂ ಥಂಡಿ ಎಲ್ಲಿ ಉಳದೈತಿ ಅಂತ ಅವ್ರು ಒಂದಿನಾ ಅಂದ್ರು. ನಾ ಸಾಲ್ಯಾಗ ಎಷ್ಟ ಪುಸ್ತಕಾ ಓದಿ ಹೇಳಿದ್ರೂ ಹುಡುಗ್ರಿಗೆ ತಿಳೀಲಿಲ್ಲ. ಇದನ್ನ ಹೇಳಿದ್ನಿ, ತಿಳೀತು. ಥಂಡಿ ಇಲ್ಲಂದ್ರ ಇಬ್ಬನಿ ಇಲ್ಲ, ಇಬ್ಬನಿ ಇಲ್ಲಂದ್ರ ನಿಮ್ಮ ಜ್ವಾಳ ಎಲ್ಲಿಂದ ಬರಬೇಕು?"

ಕಂಬದ ಮರೆಯಲ್ಲಿ ಸುಮಿತ್ರಾಬಾಯಿಗೆ ಆ ಸಂಜೆ ನೆನಪಾಯಿತು. ದಾರ ಪೋಣಿಸುತ್ತ ಬಾಯಿಗೆ ಬಂದದ್ದನ್ನು ಆಡಿದ್ದಳು. ಆಡಿ ಮರೆತಿದ್ದಳು. ಈ ಹುಡುಗಿ ಅದನ್ನು ಗಂಟು ಕಟ್ಟಿಕೊಂಡು ಮೂರು ತಾಲ್ಲೂಕು ದಾಟಿದ್ದಾಳೆ. ಹಾಗಾದರೆ ಫೋನಿನ ಮಾತನ್ನೂ ಹೀಗೆಯೇ ಕಟ್ಟಿಕೊಂಡಿರಬೇಕು.

ಲಕ್ಕವ್ವ ತನ್ನ ಪಕ್ಕದಲ್ಲಿ ತಲೆ ಬಗ್ಗಿಸಿ ಕೂತಿದ್ದ ಎಳೆಯ ಹೆಂಗಸನ್ನು ಮುಂದಕ್ಕೆ ನೂಕಿದಳು. "ಇರ್ಲಿ, ಇನ್ನ ಪಾದಾ ಕೊಡವ್ವಾ. ಇಕಿ ನನ್ನ ಸೊಸಿ, ಸುಜಾತಾ. ಮದುವಿ ಆಗಿ ಮೂರ ವರ್ಷಾತು, ಮಕ್ಕಳಿಲ್ಲ. ನೀನೂ ಇದ ಸಲುವಾಗಿ ಹೊಂಟಿ ಅಂತ ಮನಗೂಳಿ ಕಡೆಯವ್ರು ಹೇಳ್ಯಾರ. ನಿನ್ನ ಪಾದದ ನೀರು ಇಕಿ ಕಣ್ಣಿಗೆ ಹಚಗೊಳ್ಳಿ."

ಭಾಗ್ಯಜ್ಯೋತಿ ಕಾಲು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ್ರಿ. ನಾ ಹರಕಿ ಹೊತ್ತಿಲ್ಲ. ಇಲ್ಲದ್ದು ಹೇಳಿ ಈ ಹುಡಿಗಿಗೆ ಆಸೆ ಹಚ್ಚಾಂಗಿಲ್ಲ ನಾ."

"ಹರಕಿ ಹೊತ್ತವ್ರು ಹಿಂಗ ಅಂತಾರ."

"ಖರೇ ಹೇಳಾಕತ್ತೇನಿ. ಹೊತ್ತಿಲ್ಲ."

ಲಕ್ಕವ್ವನ ಕಣ್ಣು ಸೊಸೆಯ ಮುಖದಿಂದ ಇಳಿದು ಭಾಗ್ಯಜ್ಯೋತಿಯ ಬರಿಗಾಲಿನ ಮೇಲೆ ನಿಂತಿತು.

"ಹರಕಿ ಇಲ್ಲಂದ್ರ ಕಾಲುಂಗುರ ಯಾಕ ತಗದಿ? ಗಂಡ ಅದಾನೋ ಇಲ್ಲೋ? ಇಲ್ಲಾ ಬಿಟ್ಟು ಬಂದಿಯೋ?"

ಎಲ್ಲರ ಕಣ್ಣೂ ಆ ಬೆರಳುಗಳ ಮೇಲೆ ಬಿದ್ದವು. ಭಾಗ್ಯಜ್ಯೋತಿ ಕಾಲನ್ನು ಮುಚ್ಚಿಕೊಳ್ಳಲಿಲ್ಲ. ಸುಮಿತ್ರಾಬಾಯಿ ಕಾದಳು. ಓಡಲು ಅಡ್ಡ ಬರುತ್ತವೆ ಎಂದರೂ ಸಾಕಿತ್ತು, ಮರೆತೆ ಎಂದರೂ ಸಾಕಿತ್ತು. ಹುಡುಗಿ ಯಾವುದನ್ನೂ ಅನ್ನಲಿಲ್ಲ. ನಿನ್ನೆಯಿಂದ ತಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಪರರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಹೊಲಸು ಎಂದು ಅವಳಿಗೆ ತಿಳಿಯಿತು.

ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. ಭಾಗ್ಯಜ್ಯೋತಿ ತಲೆ ಎತ್ತಿ ನೋಡಿದವಳು ಎದ್ದು ನಿಲ್ಲಹೋದಳು.

"ಕುಂದ್ರು" ಎಂದು ಸುಮಿತ್ರಾಬಾಯಿ ಅವಳ ಎದುರಿಗೆ ಕೂತು ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಸಂಚಿಯ ಬಾಯಿ ಸಡಿಲಿಸಿ ಒಂದು ಉಂಗುರ ತೆಗೆದಳು. ಹಾಕಿಯೇಬಿಡಬೇಕೆಂದು ಬಗ್ಗಿದವಳ ಕೈ ತಡೆಯಿತು. ಹೆಬ್ಬೆರಳಿನ ಉಗುರು ಕರ್ರಗಾಗಿತ್ತು. ಅದರ ಪಕ್ಕದ ಬೆರಳು ಬಾತು ಬದನೆಕಾಯಿಯಂತಾಗಿತ್ತು. ಬೆರಳಿನ ಬುಡದಲ್ಲಿ, ಬಾವಿನ ನಡುವೆ, ಬಿಸಿಲು ಕಾಣದ ಬಿಳಿ ಗೆರೆ. ಗೆರೆಯ ಒಂದು ಬದಿಗೆ ಹಳೆಯ ಗಾಯದ ಕಲೆ. ಮನೆಯಲ್ಲಿ ಯಾರಿಗೂ ಹೇಳದೆ ನಸುಕಿನಲ್ಲಿ ಓಡಿ ರೂಢಿ ಮಾಡಿಕೊಂಡ ದಿನಗಳಲ್ಲಿ ಉಂಗುರ ಕೊರೆದ ಗಾಯವಿರಬೇಕು.

ಈ ಕಾಲನ್ನು ಅನಿಲ ನೋಡಿರಲಿಲ್ಲ. ತಾನೂ ನೋಡಿರಲಿಲ್ಲ.

"ನಾನ ತಗದೇನಿ" ಅಂದಳು ಸುಮಿತ್ರಾಬಾಯಿ, ಲಕ್ಕವ್ವನ ಕಡೆ ತಿರುಗಿ. "ಆಕಿ ಅತ್ತಿ ನಾನು. ಬೂಟಿನ್ಯಾಗ ಬೆರಳ ಕೊರೀತಾವಂತ ನಾನ ತಗದು ಸಂಚ್ಯಾಗ ಇಟ್ಕೊಂಡೇನಿ. ನೋಡ್ರಿ ಬೇಕಾದ್ರ." ಅಂಗೈ ಬಿಡಿಸಿ ತೋರಿಸಿದಳು. "ಹರಕಿ ಅಂತ ಓಣ್ಯಾಗ ಹೇಳಿದಾಕಿನೂ ನಾನ. ಆಕಿ ಹೇಳಿಲ್ಲ."

"ಅತ್ತಿನ ಬೆನ್ನಿಗೆ ಅದಾಳಂದ್ರ ಮತ್ತೇನ ಐತಿ ತಗಿ" ಎಂದು ಲಕ್ಕವ್ವ ಗೊಣಗಿ, ತಂದ ಅಕ್ಕಿಯನ್ನು ವಾಪಸು ಕಟ್ಟಿಕೊಳ್ಳಲೋ ಬೇಡವೋ ಎಂದು ನೋಡಿ, ಬ್ರೆಡ್ಡು ಮುಗಿಸಿ ಅಲ್ಲಿಗೆ ಬಂದ ಚಾಂದಸಾಬನ ಮುಂದೆ ಇಟ್ಟಳು. "ತಗೋ, ಮಂದಿಗೆಲ್ಲಾ ಅನ್ನಾ ಮಾಡಿಹಾಕು." ಒಬ್ಬೊಬ್ಬರೇ ಎದ್ದರು. ಸುಜಾತಾ ಮಾತ್ರ ಕೊಡ ಎತ್ತಿಕೊಳ್ಳುವ ನೆಪದಲ್ಲಿ ಹಿಂದೆ ಉಳಿದಳು.

"ಓಡೂ ಮುಂದ ಹ್ಯಾಂಗ ಅನಸ್ತೈತ್ರೀ ಅಕ್ಕಾರ?" ಸಣ್ಣ ದನಿಯಲ್ಲಿ ಕೇಳಿದಳು.

"ಮೊದಲ ಕಾಲ ನೋಯ್ತಾವ. ಆಮ್ಯಾಲೆ ಯಾರ ಮಾತೂ ಕೇಳ್ಸಂಗಿಲ್ಲ" ಅಂದಳು ಭಾಗ್ಯಜ್ಯೋತಿ.

ಸುಜಾತಾ ಅದನ್ನು ಬಾಯೊಳಗೆ ಇಟ್ಟುಕೊಂಡವಳಂತೆ ತುಟಿ ಬಿಗಿದು ಹೊರಟುಹೋದಳು.

ಪಡಸಾಲೆ ಬರಿದಾಯಿತು. ಎಣ್ಣೆಯ ಬಟ್ಟಲು ಅಲ್ಲೇ ಇತ್ತು. ಸುಮಿತ್ರಾಬಾಯಿ ಎಣ್ಣೆ ತೆಗೆದುಕೊಂಡು ಬಾತ ಬೆರಳಿನ ಸುತ್ತ ಮೆಲ್ಲಗೆ ಹಚ್ಚತೊಡಗಿದಳು. ಭಾಗ್ಯಜ್ಯೋತಿ ತಡೆಯಲಿಲ್ಲ.

"ಯಾಕ ಬಂದ್ರಿ ಅತ್ಯಾರ?"

"ನೀ ಹೊಳ್ಳಿ ಬರ್ತಿಯೋ ಇಲ್ಲೋ ಅಂತ."

"ಕಾಲುಂಗುರ ನೋಡಿ ಅನಿಸ್ತೇನು?"

"ಕಾಲುಂಗುರ ನೋಡಿ, ಬಳಿ ಕೇಳಿ, ಕೌದಿ ಕಾಣದ." ಎಣ್ಣೆಗೆ ಬೆರಳದ್ದಿ ಹೇಳಿದಳು: "ಒರಳಿನ ಸಪ್ಪಳಾ ನೆನಸಿ."

ಭಾಗ್ಯಜ್ಯೋತಿಯ ಕಾಲು ಒಮ್ಮೆ ಬಿಗಿಯಿತು. "ಗೊತ್ತಿತ್ತೇನ್ರಿ ನಿಮಗ, ನನಗ ಕೇಳಿಸ್ತಂತ?"

"ಗೊತ್ತಿತ್ತು. ಗೊತ್ತಿಲ್ಲದಂಗ ಇದ್ನಿ."

"ನಾ ಬಂಜಿ ಅಂತ ಯಾರ ಅಂದ್ರೂ ನನಗ ಅಷ್ಟ ಅನಸ್ತಿದ್ದಿಲ್ಲ. ನೀವು ತಡಿ ಅಂದ್ರಿ. ನನ್ನ ಜೋಡಿ ದಿನಾ ಚಹಾ ಕುಡಿಯೂವ್ರು." ಅವಳ ದನಿ ಏರಲಿಲ್ಲ. "ಡಾಕ್ಟರ ಹಂತೇಕ ನಾ ಒಬ್ಬಾಕಿನ ಹೋಗಿ ಬಂದೇನ್ರಿ. ನಿಮ್ಮ ಮಗನ್ನ ಕರ್ಕೊಂಡು ಬಾ ಅಂದ್ರು. ಇವ್ರು ಅಂಗಡಿ ಬಿಟ್ಟು ಬರಲಿಲ್ಲ. ನೀವೂ ಒಂದಿನಾ ಕೇಳಲಿಲ್ಲ. ಭೂಮಿ ಸಲುವಾಗಿ ಓಡೇನಿ, ಅದು ಖರೇ. ಆದ್ರ ನನ್ನ ಸಲುವಾಗಿನೂ ಒಂದ ಯೋಚನಿ ಮಾಡ್ಕೋತ ಬಂದೇನಿ. ಮುದ್ದೇಬಿಹಾಳ ಮುಟ್ಟೂ ತನಕ ಯೋಚನಿ ಮಾಡಿದ್ರಾತು ಅಂತ. ಅಲ್ಲಿಂದ ಮನಗೂಳಿಗೆ ಬರೂದೋ, ತವರಿಗೆ ಹೋಗೂದೋ."

ಹಾಗಾದರೆ ಸಂಶಯ ಸುಳ್ಳಾಗಿರಲಿಲ್ಲ. ಉಂಗುರ, ಬಳೆ, ಕೌದಿ, ಸೈಕಲ್ಲು, ಎಲ್ಲ ಸುಳ್ಳಾಗಿ, ಅವುಗಳ ಕೆಳಗೆ ಇದ್ದದ್ದು ಮಾತ್ರ ಖರೆಯಾಗಿತ್ತು.

"ಈಗಿಂದೀಗ ದೇವಣಗಾಂವಕ್ಕ ಫೋನ ಮಾಡಿ ಒಲ್ಲೆ ಅಂತೇನಿ" ಅಂದಳು ಸುಮಿತ್ರಾಬಾಯಿ, ಏಳುತ್ತ.

"ನನ್ನ ಮುಂದ ಮಾಡಬ್ಯಾಡ್ರಿ. ನನಗ ಕೇಳಿಸಬೇಕಂತ ಮಾಡೂದಿದ್ರ ಮಾಡೂದ ಬ್ಯಾಡ."

ಸುಮಿತ್ರಾಬಾಯಿ ಒಬ್ಬಳೇ ಪೇಟೆಗೆ ಹೋದಳು. ಫೋನಿನ ಗೂಡಿನಲ್ಲಿ ನಿಂತು ತಂಗಿಗೆ ಎರಡೇ ಮಾತಿನಲ್ಲಿ ಒಲ್ಲೆ ಎಂದಳು. ಆ ಕಡೆಯಿಂದ ವಿಜಯಲಕ್ಷ್ಮಿ "ಹುಚ್ಚು ಹಿಡದೈತೇನ ಅಕ್ಕಾ? ನಾಳೆ ವಂಶಾ..." ಎನ್ನುತ್ತಿದ್ದಂತೆ ಇಟ್ಟುಬಿಟ್ಟಳು. ಆಮೇಲೆ ಅನಿಲನಿಗೆ ಮಾಡಿ, ಯುಗಾದಿಯಾದ ಮರುದಿನ ಅಂಗಡಿ ಮುಚ್ಚಿ ಡಾಕ್ಟರ ಹತ್ತಿರ ಹೋಗಬೇಕು ಎಂದಳು. "ಯಾರಿಗೆ ಆರಾಮಿಲ್ಲ?" ಎಂದು ಅವನು ಕೇಳಿದ. "ನಿನಗ" ಅಂದಳು.

ಹೊಳ್ಳಿ ಬಂದು ಸೊಸೆಗೆ ಏನೂ ಹೇಳಲಿಲ್ಲ. ಸೊಸೆ ಕೇಳಲೂ ಇಲ್ಲ. ಇಬ್ಬರೂ ಅದೇ ಕೌದಿಯ ಮೇಲೆ ಮಲಗಿದರು. ಹೊದೆಯುವಂಥ ಚಳಿ ಇರಲಿಲ್ಲ.

ಮೂಡಣ ಬೆಳ್ಳಗಾಗುವಾಗ ಮಾಸ್ತರ ಮಂದಿ ಬೂಟು ಕಟ್ಟಿಕೊಂಡು ಅಂಗಳಕ್ಕೆ ಇಳಿದರು. ಚಾಂದಸಾಬ ಕ್ಯಾನಿಗೆ ನೀರು ತುಂಬುತ್ತ ಎಲ್ಲರನ್ನೂ ಬೈಯುತ್ತಿದ್ದ. ಭಾಗ್ಯಜ್ಯೋತಿ ಬೆರಳಿಗೆ ಅರಿವೆ ಸುತ್ತಿ ಬೂಟಿಗೆ ಕಾಲು ತೂರಿಸಿದಳು. ಸುಮಿತ್ರಾಬಾಯಿ ಸಂಚಿಯಿಂದ ಗಂಟು ತೆಗೆದು ಅವಳ ಮುಂದೆ ಹಿಡಿದಳು.

"ಇವು ನಿನ್ನವು. ನಿನ್ನ ಹಂತೇಕ ಇರ್ಲಿ. ಹಾಕ್ಕೋ, ಬಿಡು, ನಾ ಏನೂ ಕೇಳಾಂಗಿಲ್ಲ."

ಭಾಗ್ಯಜ್ಯೋತಿ ಗಂಟನ್ನು ನೋಡಿದಳು, ಅತ್ತೆಯ ಕೈಯನ್ನು ನೋಡಿದಳು. ದಾರಿಯ ಕಡೆ ತಿರುಗಿ ಹೇಳಿದಳು:

"ನನಗ ಕಿಸೆ ಇಲ್ರಿ ಅತ್ಯಾರ. ಓಡೂ ಮುಂದ ಎಲ್ಲ್ಯರ ಬಿದ್ದುಹೋಗ್ತಾವ. ನೀವ ಇಟ್ಕೊಂಡಿರ್ರಿ. ಮುದ್ದೇಬಿಹಾಳಕ್ಕ ತಗೊಂಡು ಬರ್ರಿ."

ಅವಳು ಓಡಿದಳು. ಮೊದಲ ಹೆಜ್ಜೆಗಳಲ್ಲಿ ಕುಂಟಿದಳು, ಆಮೇಲೆ ಕುಂಟಲಿಲ್ಲ. ನೀಲಿ ಪ್ಯಾಂಟಿನ ಬಲಕ್ಕೆ ಕರಪತ್ರಗಳು ತುಂಬಿ ಉಬ್ಬಿದ ಕಿಸೆ, ಎಡಕ್ಕೆ ಬರಿದಾದ ಇನ್ನೊಂದು ಕಿಸೆ. ಎರಡನ್ನೂ ಸುಮಿತ್ರಾಬಾಯಿ ನಿನ್ನೆಯೇ ನೋಡಿದ್ದಳು. ಅವಳ ಕಣ್ಣಿಗೆ ಯಾವುದೂ ತಪ್ಪುವಂತಿರಲಿಲ್ಲ.

ಗಂಟನ್ನು ಸಂಚಿಯೊಳಗೆ ಹಾಕಿ, ದಾರ ಜಗ್ಗಿ ಬಿಗಿದು, ಸೈಕಲ್ಲು ಹತ್ತುತ್ತಿದ್ದ ಚಾಂದಸಾಬನನ್ನು ಕೂಗಿ ಕೇಳಿದಳು:

"ಮುದ್ದೇಬಿಹಾಳದ ಬಸ್ಸು ಎಲ್ಲಿ ನಿಂದರ್ತೈತ್ರಿ?"